ಬಿರುಕಿನ ಮೇಲಿನ ಗಾಜು

ಎದುರು ಗೋಡೆಯ ಮೇಲೆ ಬೆಳಕು ಇವತ್ತು ಎರಡು ತುಂಡಾಗಿ ಬಿದ್ದಿದೆ, ನಿನ್ನೆ ಒಂದೇ ಇತ್ತು, ಗೇಣುದ್ದದ ಬಿಳಿ ಪಟ್ಟಿ, ಬೆಳಕಿಂಡಿಯಿಂದ ಇಳಿದ ಬಿಸಿಲು ಬಿರುಕಿನ ಮೇಲಿನ ಗಾಜಿಗೆ ತಾಗಿ ಅಲ್ಲಿಂದ ಹಾರಿ ಎದುರಿಗೆ ಹೋಗಿ ಕೂರುವ ಪಟ್ಟಿ, ಮುಖ ತೊಳೆಯುವ ಮೊದಲೇ ಅವಳು ಬಂದು ನೋಡಿ ಹೋಗುವ ಪಟ್ಟಿ — ಈಗ ನಡುವೆ ಕತ್ತಲೆಯ ಗೆರೆಯೊಂದನ್ನು ಇಟ್ಟುಕೊಂಡು ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ, ಜಗಳವಾಡಿ ಮುಖ ತಿರುಗಿಸಿಕೊಂಡ ಅಕ್ಕತಂಗಿಯರ ಹಾಗೆ. ಮೆಟ್ಟಿಲ ತಿರುವಿನಲ್ಲಿ ಟೀ ಲೋಟ ಹಿಡಿದು ನಿಂತೇಬಿಟ್ಟಳು, ಲೋಟ ಬೆರಳು ಸುಡುತ್ತಿದೆ, ಸುಡಲಿ, ಗಾಜು ಒಡೆದಿದೆ, ತಿರುಗಿ ಗಾಜನ್ನೇ ನೋಡಲು ಧೈರ್ಯವಿಲ್ಲ, ಬೆಳಕು ಸುಳ್ಳು ಹೇಳಬಹುದು, ಬೆಳಕಿಂಡಿಯಲ್ಲಿ ಪಾರಿವಾಳ ಕೂತಿರಬಹುದು, ಪಾರಿವಾಳವಿಲ್ಲ, ಮಳೆಯೆಲ್ಲ ಮುಗಿಯುವ ತನಕ ಜಪ್ಪಯ್ಯ ಅನ್ನದೆ ಕೂತಿದ್ದ ಗಾಜು ಇವತ್ತೇ, ಎಂಜಿನಿಯರ್ ಬರುತ್ತೇನೆಂದ ದಿನವೇ ಒಡೆಯಬೇಕೆ, ಇಂಥ ಕಾಕತಾಳೀಯವನ್ನೆಲ್ಲ ನಂಬುವುದಕ್ಕೆ ಅವಳೇನು ಕಿವಿಗೆ ಹೂವಿಟ್ಟುಕೊಂಡು ಕೂತಿಲ್ಲ. ಪಕ್ಕದ ಕಟ್ಟಡ ಕೆಡವಿದ ಮೇಲೆ ಈ ಗೋಡೆಯಲ್ಲಿ ಬಿರುಕು ಮೂಡಿದಾಗ ಬಂದಿದ್ದ ಎಂಜಿನಿಯರ್, ನಗರಸಭೆಯವನು, ಪೆನ್ಸಿಲ್ಲಿನ ಮೂತಿಯಿಂದ ಅದನ್ನು ಕೆದಕಿ, ಮೇಡಂ ನಿಮ್ಮಂಗಡೀಲೇ ಗಾಜಿದೆಯಲ್ಲ, ಒಂದು ತೆಳ್ಳನೇದು ಕೊಡಿ, ಅಂದ, ಗಂಡ ಸರ್ರನೆ ಗೆರೆ ಎಳೆದು ಮುರಿದು ಕೊಟ್ಟ, ಬಿರುಕಿನ ಆ ಕಡೆಗೊಂದು ಈ ಕಡೆಗೊಂದು ಗಾರೆಯ ಉಂಡೆ, ಉಂಡೆಗಳಲ್ಲಿ ಗಾಜಿನ ಎರಡು ತುದಿ, ನಡುವೆ ಬಿರುಕಿನ ಮೇಲೆ ಗಾಜು ಪುಟ್ಟ ಸೇತುವೆಯಾಗಿ ನಿಂತಿತು. ಗೋಡೆ ಕೂದಲೆಳೆಯಷ್ಟು ಸರಿದ್ರೂ ಇದು ತಡ್ಕೊಳಲ್ಲ ಮೇಡಂ, ಮಳೆ ಮುಗಿದ ಮೇಲೆ ಬರ್ತೀನಿ, ಹೀಗೇ ಇದ್ರೆ ಉಳಿಸಬೇಕಾದ ಹಳೇ ಕಟ್ಟಡ ಅಂತ ಫಲಕ ಹಾಕಿ ರಿಪೇರಿನೂ ನಾವೇ ಮಾಡಿಸ್ತೀವಿ, ಒಡೆದಿದ್ರೆ ಮಾತ್ರ ನನ್ನ ಕೈಲಿ ಏನಿಲ್ಲ, ಕೆಡವ್ಲೇಬೇಕಾಗುತ್ತೆ. ಅಪ್ಪ ಕಟ್ಟಿದ್ದಲ್ಲ, ಅಪ್ಪನ ಅಜ್ಜ ಕಟ್ಟಿದ್ದು, ಕೆಳಗೆ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ, ಮೇಲೆ ಮನೆ, ಅವಳು ಹುಟ್ಟಿದ್ದು ಈ ತಿರುವಿನ ಆಚೆಯ ಕೋಣೆಯಲ್ಲಿ, ಸಾಯುವುದೂ ಅಲ್ಲೇ ಎಂದು ಲೆಕ್ಕ ಹಾಕಿಕೊಂಡಿದ್ದವಳು ಈಗ ಗೇಣುದ್ದದ ಗಾಜಿಗೆ ಕಾವಲು ಕಾಯುತ್ತಿದ್ದಾಳೆ.

ಯಾರು ಹಾಗಾದರೆ. ಬಿಳಿ ಬೂಟಿನವನು, ಇನ್ಯಾರು, ಚೌಕದ ಸುತ್ತ ಒಂದೊಂದೇ ಕಟ್ಟಡ ಕೊಂಡು ಒಂದೊಂದೇ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದವನು, ನಿನ್ನೆ ಬೆಳಗ್ಗೆ ಬಂದಿದ್ದನಲ್ಲ, ಮದುವೆ ಫೋಟೋಗೆ ಕಟ್ಟು ಹಾಕಿಸಬೇಕು ಅಂತ, ಯಾರ ಮದುವೆ, ಫೋಟೋದಲ್ಲಿದ್ದ ಹೆಣ್ಣುಗಂಡು ಯಾರೆಂದು ಕೇಳಿದರೆ ಸಂಬಂಧಿಕರು ಅಂದ, ಸಂಬಂಧಿಕರಿಗೆ ಹೆಸರಿರುವುದಿಲ್ಲವೇ, ಕಟ್ಟಿನ ಮರ ಆರಿಸುವಾಗ ಅವನ ಕಣ್ಣು ಮರದ ಮೇಲಿರಲಿಲ್ಲ, ಸೂರಿನ ತೊಲೆಯ ಮೇಲಿತ್ತು, ಹಳೇ ಕಾಲದ ಮರ ಅಲ್ವಾ ಮೇಡಂ, ಈಗ ಇಂಥದ್ದು ದುಡ್ಡು ಕೊಟ್ರೂ ಸಿಗಲ್ಲ, ಅಂದ, ಹೆಣದ ಬಾಯಲ್ಲಿ ಚಿನ್ನದ ಹಲ್ಲು ನೋಡುವವನ ಹಾಗೆ. ಆದರೆ ಅವನು ಮೇಲೆ ಹತ್ತಿರಲಿಲ್ಲ, ಅವಳೇ ಮೆಟ್ಟಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದಳು, ಕುರ್ಚಿ ಬಿಟ್ಟು ಒಮ್ಮೆ ಎದ್ದಿದ್ದಳಾ, ಹಾಲಿನವನು ಬಂದಾಗ — ಅಷ್ಟರಲ್ಲಿ? ಅಷ್ಟರಲ್ಲಿ ಏನು ಬೇಕಾದರೂ ಆಗುತ್ತದೆ, ಪಕ್ಕದ ಗಡಿಯಾರದ ಅಂಗಡಿಯವರು ಮಗಳ ಮನೆಗೆಂದು ಒಂದು ವಾರ ಹೋಗಿ ಬರುವಷ್ಟರಲ್ಲಿ ಮನಸ್ಸು ಬದಲಾಯಿಸಿಕೊಂಡು ಬಂದಿದ್ದರು, ಬೈಪಾಸಿನಾಚೆ ಬಡಾವಣೆ ಎಷ್ಟು ಚೆನ್ನಾಗಿದೆ ಗೊತ್ತಾ, ರಸ್ತೆ ನೋಡಿದ್ರೆ ಅಲ್ಲೇ ಎಲೆ ಹಾಕ್ಕೊಂಡು ಊಟ ಮಾಡ್ಬೇಕು ಅನ್ಸುತ್ತೆ, ಅಂದರು, ಮಾಡಿ ಹಾಗಾದ್ರೆ ಅಂದಿದ್ದಳು ಅವಳು, ಆಮೇಲೆ ಮಾತು ನಿಂತಿತು, ಆಮೇಲೆ ಅವರ ಕಟ್ಟಡವೂ ನಿಲ್ಲಲಿಲ್ಲ. ಹಳದಿ ಯಂತ್ರ ಬಂದು ತಟ್ಟಿದಾಗ ನಮ್ಮ ಅಡುಗೆಮನೆಯ ತಟ್ಟೆಗಳೆಲ್ಲ ಹಲ್ಲು ಕಡಿದವು, ಅವರ ಅಡುಗೆಮನೆಯ ಹಸಿರು ಬಣ್ಣ ನಮ್ಮ ಗೋಡೆಯ ಹೊರಮೈಗೆ ಅಂಟಿಕೊಂಡೇ ಉಳಿಯಿತು, ಕ್ಯಾಲೆಂಡರಿನ ಮೊಳೆ, ಒಲೆಯ ಮಸಿ, ಓರೆಯಾಗಿ ಹತ್ತಿ ಎಲ್ಲಿಗೂ ಹೋಗದ ಮೆಟ್ಟಿಲ ಗುರುತು, ಅವರಿಗೆ ಬೇಡವಾದದ್ದನ್ನೆಲ್ಲ ನಾವು ಬೆನ್ನಿಗೆ ಹೊತ್ತುಕೊಂಡು ನಿಂತಿದ್ದೇವೆ. ಆಮೇಲೆ ಸಿನಿಮಾ ಮಂದಿರ, ಆಮೇಲೆ ಕಮಾನು ಕಿಟಕಿಗಳ ಔಷಧಿ ಅಂಗಡಿ, ಕಾರು ನಿಲ್ಲಿಸಲು ಜಾಗವಿಲ್ಲ ಅಂತ ಪೇಟೆಗೆ ಯಾರೂ ಬರುತ್ತಿಲ್ಲವಂತೆ, ಅದಕ್ಕೆ ಅಂಗಡಿ ಕೆಡವಿ ಜಾಗ ಮಾಡಿದರಂತೆ, ಈಗ ಜಾಗ ಬೇಕಾದಷ್ಟಿದೆ, ಅಂಗಡಿಯೇ ಇಲ್ಲ, ಕಾರಿನವರು ಬಂದು ಏನು ಮಾಡಬೇಕು, ತಮ್ಮ ಕಾರನ್ನೇ ನೋಡುತ್ತ ನಿಲ್ಲಬೇಕೇ. ಖಾಲಿ ಜಾಗದಲ್ಲಿ ನಾಯಿಯೊಂದು ಬಿಳಿ ಗೆರೆಗಳ ನಡುವೆ ಸರಿಯಾಗಿ ಮಲಗುತ್ತದೆ, ಅದೊಂದಕ್ಕೆ ಮಾತ್ರ ನಿಯಮ ಗೊತ್ತು.

ಅಥವಾ ಬೈಪಾಸ್. ತಂಗಿಯ ಗಂಡ, ಬಾಯಿ ತೆರೆದರೆ ಬೈಪಾಸು ಅನ್ನುತ್ತಾನೆಂದು ಅವಳೇ ಇಟ್ಟ ಹೆಸರು, ಬೈಪಾಸಿಂದ ನಮ್ಮನೆ ಹತ್ತೇ ನಿಮಿಷ ಅಕ್ಕ, ಬೈಪಾಸಲ್ಲೇ ಆಸ್ಪತ್ರೆ ಬರುತ್ತಂತೆ ಅಕ್ಕ, ಬಂದರೆ ನಿನ್ನನ್ನೇ ಮೊದಲು ಸೇರಿಸುತ್ತೇನೆ ಅಂದುಕೊಂಡಿದ್ದಳು. ನಿನ್ನೆ ಊಟಕ್ಕೆ ಬಂದಿದ್ದರು ಇಬ್ಬರೂ, ಕರೆಯದೆ ಬಂದಿದ್ದರು, ತಂಗಿ ಅಡುಗೆಮನೆಯಲ್ಲಿ ಒತ್ತಿಕೊಂಡು ಕೂತು, ಅಕ್ಕಾ, ಹಟ ಎಷ್ಟು ದಿನ, ಸಂಜೆ ಆದ್ರೆ ಈ ಬೀದೀಲಿ ಮನುಷ್ಯರ ಮುಖ ಕಾಣಲ್ಲ, ಭಾವನ ಮುಖನಾದ್ರೂ ನೋಡಿದ್ದೀಯಾ, ಎಷ್ಟು ಇಳಿದುಹೋಗಿದ್ದಾರೆ, ಅಲ್ಲಿ ನಮ್ಮ ಕಾಂಪ್ಲೆಕ್ಸಲ್ಲಿ ಒಂದು ಅಂಗಡಿ ಖಾಲಿ ಇದೆ, ಮೂಲೆದು, ಎರಡು ಕಡೆ ಬೋರ್ಡ್ ಹಾಕ್ಬೋದು — ನಿಂಗೆ ಇದರಲ್ಲಿ ಪಾಲು ಬೇಕಾದ್ರೆ ನೇರ ಕೇಳು, ಅಂದಳು ಇವಳು, ತಂಗಿಯ ಕಣ್ಣಲ್ಲಿ ನೀರು ಬಂತು, ಆ ನೀರನ್ನೂ ಇವಳು ನಂಬಲಿಲ್ಲ, ಈರುಳ್ಳಿ ಹೆಚ್ಚುತ್ತಿದ್ದಳಲ್ಲ. ಆಗ ಬೈಪಾಸ್ ಎಲ್ಲಿದ್ದ, ಫೋನ್ ಬಂತು ಅಂತ ಎದ್ದು ಹೋದವನು, ಇಲ್ಲಿ ಸಿಗ್ನಲ್ ಸಿಗಲ್ಲ ಅಂತ ಮೆಟ್ಟಿಲ ಕಡೆ ಹೋದವನು, ದಪ್ಪ ಉಂಗುರದ ಕೈಯಲ್ಲಿ ಫೋನು ಹಿಡಿದು ಹಲೋ ಹಲೋ ಎನ್ನುತ್ತ ಇದೇ ತಿರುವಿನಲ್ಲಿ ನಿಂತಿದ್ದವನು, ಅವಳು ಬಟ್ಟಲು ತೊಳೆಯುತ್ತ ಕಿವಿ ಇತ್ತಲೇ ಇಟ್ಟಿದ್ದಳು, ಹಲೋ ಕೇಳುತ್ತಿತ್ತು, ಆಮೇಲೆ ಸ್ವಲ್ಪ ಹೊತ್ತು ಹಲೋ ಕೇಳಲಿಲ್ಲ. ಅವನೇ, ಅವನಲ್ಲದಿದ್ದರೆ ಎಂಜಿನಿಯರನೇ, ಯಾಕಾಗಬಾರದು, ಬಿಳಿ ಬೂಟಿನವನ ಜೊತೆ ಅವನು ಕಬ್ಬಿನ ಹಾಲು ಕುಡಿಯುತ್ತ ನಿಂತಿದ್ದನ್ನು ಅವಳು ಕಂಡಿದ್ದಾಳೆ, ಕಬ್ಬಿನ ಹಾಲು ಯಾರು ಬೇಕಾದರೂ ಕುಡಿಯಬಹುದು ಅಂದ ಗಂಡ, ಒಟ್ಟಿಗೆ ಯಾಕೆ ಕುಡಿಯಬೇಕು ಅಂದಳು ಅವಳು, ಗಾಡಿ ಒಂದೇ ಇರೋದಲ್ವಾ ಅಂದ ಅವನು. ಗಂಡ ಹಾಗೇ, ಎಲ್ಲರ ಮೇಲೂ ನಂಬಿಕೆ, ಬಿಳಿ ಬೂಟಿನವನು ಅಂಗಡಿಗೇ ಬಂದು ಬೆಲೆ ಕೇಳಿದ ದಿನ ಅವನು ಕೆಲಸದಿಂದ ತಲೆ ಎತ್ತದೆ, ನನ್ನದೇನಿದೆ ಸಾರ್, ಮನೆ ಅವಳದು, ಅವಳನ್ನ ಕೇಳಿ, ಅಂದಿದ್ದ, ಎಷ್ಟು ಗಟ್ಟಿ ಮನುಷ್ಯ ಎಂದು ಆ ದಿನವೆಲ್ಲ ಅವಳ ಎದೆ ತುಂಬಿಕೊಂಡಿತ್ತು, ರಾತ್ರಿ ಅವನಿಗೆ ಇನ್ನೊಂದು ಸೌಟು ತುಪ್ಪ ಬಡಿಸಿದ್ದಳು. ಇಡೀ ಊರಲ್ಲಿ ಅವಳು ಬೆನ್ನು ತೋರಿಸಿ ನಿಲ್ಲಬಹುದಾದ ಮನುಷ್ಯ ಅವನೊಬ್ಬನೇ.

ಕೆಳಗಿನಿಂದ ಕರೆಯುತ್ತಿದ್ದಾನೆ, ಕೇಳಿಸ್ತಾ, ಎಂಜಿನಿಯರ್ ಫೋನ್ ಮಾಡಿದ್ರು, ಹೊರಟಿದ್ದಾರಂತೆ — ಹ್ಞೂಂ ಅಂದಳು, ಅವನಿಗೆ ಹೇಳಲೇ, ಗಾಜು ಒಡೆದಿದೆ ಎಂದರೆ ಪಾಪ ಕುಸಿದು ಕೂರುತ್ತಾನೆ, ಮೊದಲು ಸಾಕ್ಷಿ ಹಿಡಿಯಬೇಕು, ಇದು ಗೋಡೆ ಒಡೆದದ್ದಲ್ಲ, ಮನುಷ್ಯ ಒಡೆದದ್ದು ಎಂದು ಎಂಜಿನಿಯರನ ಮೂಗಿನೆದುರು ಹಿಡಿಯಬೇಕು. ಅದು ಅವಳಿಗೆ ಬರುತ್ತದೆ, ಹುಟ್ಟಿದಾಗಿನಿಂದ ಗಾಜಿನ ಚೂರುಗಳ ನಡುವೆ ಬೆಳೆದವಳು, ಬಡಿದು ಒಡೆದರೆ ಬಡಿದ ಜಾಗದಿಂದ ಜೇಡನ ಬಲೆಯ ಹಾಗೆ ಎಳೆಗಳು ಹೊರಡುತ್ತವೆ, ಸುತ್ತ ಪುಡಿ ಉದುರುತ್ತದೆ, ಎಳೆತಕ್ಕೆ ಒಡೆದರೆ ಒಂದೇ ಗೆರೆ, ಆದರೆ ಆ ಗೆರೆ ತನಗೆ ತೋಚಿದ ಕಡೆ ಸೊಟ್ಟಗೆ ಹೋಗುತ್ತದೆ. ಜೇಡನ ಬಲೆ ಇರಲಿ, ದೇವರೇ, ಜೇಡನ ಬಲೆ ಇರಲಿ, ಬೈಪಾಸನ ಉಂಗುರದ ಏಟಿರಲಿ, ಲೋಟ ಮೆಟ್ಟಿಲ ಮೇಲಿಟ್ಟು ಕೊನೆಗೂ ತಿರುಗಿದಳು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದಳು. ಜೇಡನ ಬಲೆ ಇಲ್ಲ. ಸೊಟ್ಟ ಗೆರೆಯೂ ಇಲ್ಲ. ನೇರ, ನೂಲು ಹಿಡಿದ ಹಾಗೆ ನೇರ, ಮೇಲಂಚಿನಿಂದ ಕೆಳಗಂಚಿಗೆ, ಮೇಲ್ಮೈಯಲ್ಲಿ ನರದಷ್ಟು ಸಣ್ಣ ಬಿಳಿ ಗೀರು, ಗಾಜು ಕೊಯ್ಯುವ ಕಟರಿನ ಚಕ್ರ ಉರುಳಿದ ಗೀರು, ಗೀರೆಳೆದು ಹಿಂದಿನಿಂದ ಒಮ್ಮೆ ಮೆಲ್ಲಗೆ ತಟ್ಟಿದರೆ ಗಾಜು ಹೀಗೆ, ಹೀಗೇ, ಗೊತ್ತೇ ಆಗದ ಹಾಗೆ ಎರಡಾಗುತ್ತದೆ. ಬೈಪಾಸ್ ಕಟರು ಕೊಂಡುಕೊಂಡನೇ, ಎಲ್ಲಿ ಕಲಿತ, ಆ ಮನುಷ್ಯನಿಗೆ ಬ್ರೆಡ್ಡು ನೆಟ್ಟಗೆ ಕೊಯ್ಯಲು ಬರುವುದಿಲ್ಲ, ಬಿಳಿ ಬೂಟಿನವನು ಯಾರನ್ನೋ ಗೊತ್ತು ಮಾಡಿ ಕಳಿಸಿದನೇ, ಯಾವಾಗ, ಬಾಗಿಲು ಹಾಕಿತ್ತು, ಕಿಟಕಿಗೆ ಸರಳಿದೆ, ಯೋಚನೆ ಓಡುತ್ತಿದೆ, ಓಡುತ್ತಿರುವುದು ಯಾವುದೋ ಒಂದರಿಂದ ತಪ್ಪಿಸಿಕೊಳ್ಳಲು ಎಂದು ಅವಳಿಗೇ ಗೊತ್ತಾಗುತ್ತಿದೆ, ಕೈ ಮಾತ್ರ ತನ್ನ ಪಾಡಿಗೆ ಮೇಲೆದ್ದಿತು, ದಿನಾ ಬೆಳಗ್ಗೆ ಮಾಡುವ ಹಾಗೆ ತೋರುಬೆರಳು ಗಾಜಿನ ಉದ್ದಕ್ಕೂ ಜಾರಿತು, ಒಡೆದ ಜಾಗಕ್ಕೆ ಬಂತು, ಕುಯ್ಯುತ್ತದೆ ಎಂದು ಹಲ್ಲು ಕಚ್ಚಿಕೊಂಡಳು.

ಕುಯ್ಯಲಿಲ್ಲ. ಮತ್ತೊಮ್ಮೆ ಸವರಿದಳು, ಎದುರು ದಿಕ್ಕಿಗೂ ಸವರಿದಳು, ಆಗಷ್ಟೇ ಮುರಿದ ಗಾಜಿನಂಚು ಬ್ಲೇಡಿಗಿಂತ ಹರಿತ, ಇದು ಉಗುರಿನ ಹಾಗೆ ನುಣ್ಣಗಿದೆ, ಸಾಣೆಕಲ್ಲು ಹಿಡಿದಿದ್ದಾರೆ, ಗಾಜು ಮುರಿದು ಎರಡೂ ಅಂಚಿಗೆ ಸಣ್ಣ ಸಾಣೆಕಲ್ಲು ಉಜ್ಜಿ, ಪುಡಿ ಒರೆಸಿ, ಕೆಳಗಿನ ಮೆಟ್ಟಿಲನ್ನೂ ಒರೆಸಿದ್ದಾರೆ. ಯಾವ ಕಳ್ಳ ಹೀಗೆ ಮಾಡುತ್ತಾನೆ, ಯಾವ ಕಳ್ಳನಿಗೆ ಇಲ್ಲಿ ದಿನಾ ಒಂದು ಬೆರಳು ಬಂದು ಸವರುತ್ತದೆ ಎಂದು ಗೊತ್ತು. ಒಬ್ಬನಿಗೆ ಗೊತ್ತು. ಮೆಟ್ಟಿಲು ಇದ್ದಕ್ಕಿದ್ದಂತೆ ತುಂಬ ಉದ್ದವಾಯಿತು, ಅವನು ಮೊದಲು ಈ ಅಂಗಡಿಗೆ ಬಂದದ್ದು ಅಪ್ಪನ ಕೈಕೆಳಗೆ ಕೆಲಸಕ್ಕೆ, ಕಟ್ಟಿನೊಳಗೆ ಹುದುಗಿ ಯಾರ ಕೈಗೂ ಎಂದೂ ಸಿಗದ ಗಾಜಿನ ಅಂಚನ್ನೂ ಉಜ್ಜುತ್ತ ಕೂರುತ್ತಿದ್ದ, ಯಾಕಯ್ಯಾ ಹೊತ್ತು ಹಾಳು ಮಾಡ್ತೀಯಾ, ಅದು ಒಳಗಿರುತ್ತಲ್ಲ ಅಂತ ಅಪ್ಪ, ಮುಂದೆ ಯಾರಾದ್ರೂ ಬಿಚ್ತಾರಲ್ಲ ಸಾರ್ ಅಂತ ಅವನು, ಆ ಮಾತಿಗೇ ಅಪ್ಪ ಅವನನ್ನು ಅಳಿಯ ಮಾಡಿಕೊಂಡ, ಆ ಮಾತಿಗೇ ಅವಳೂ ಒಪ್ಪಿದಳು. ಮನೆ ಅಳಿಯ. ಅಪ್ಪನ ಗಲ್ಲಾಪೆಟ್ಟಿಗೆ, ಅಪ್ಪನ ಕುರ್ಚಿ, ಹೊರಗೆ ಅಪ್ಪನ ಹೆಸರಿನ ಬೋರ್ಡು, ಅಪ್ಪ ಹೋದ ಮೇಲೂ ಅದೇ ಬೋರ್ಡು, ಬಣ್ಣ ಹಾರಿದಾಗ ಅವನೇ ಏಣಿ ಹತ್ತಿ ಮಾವನ ಹೆಸರಿನ ಒಂದೊಂದೇ ಅಕ್ಷರಕ್ಕೆ ಬಣ್ಣ ತುಂಬಿದ್ದ, ಅವಳು ಕೆಳಗೆ ಏಣಿ ಹಿಡಿದು, ಸ್ವಲ್ಪ ಎಡಕ್ಕೆ, ಸ್ವಲ್ಪ ದಪ್ಪ, ಅನ್ನುತ್ತಿದ್ದಳು, ಒಮ್ಮೆಯಾದರೂ ನಿಮ್ಮ ಹೆಸರು ಬರೆಸೋಣವೇ ಎಂದಳೇ, ಹೊಳೆಯಲೇ ಇಲ್ಲ, ಇಷ್ಟು ವರ್ಷದಲ್ಲಿ ಹೊಳೆಯಲೇ ಇಲ್ಲ. ಮನೆ ಅವಳದು, ಅವಳನ್ನ ಕೇಳಿ — ಅದು ಗಟ್ಟಿತನದ ಮಾತಾಗಿತ್ತೇ ಹಾಗಾದರೆ, ಅಥವಾ ಬರೀ ನಿಜದ ಮಾತೇ, ತುಪ್ಪ ಬಡಿಸಿಕೊಂಡು ಏನಂದುಕೊಂಡನೋ. ಮತ್ತೆ ಬಡಾವಣೆಯ ಆ ಖಾಲಿ ಅಂಗಡಿ, ಸುಮ್ಮನೆ ನೋಡಿಕೊಂಡು ಬರೋಣ ಅಂತ ತಂಗಿ ಎಳೆದೊಯ್ದ ದಿನ, ಅವಳು ಮೂಗು ಮುರಿದು ಹೊರಗೇ ನಿಂತಳು, ಸಿಮೆಂಟಿನ ವಾಸನೆ, ಅವನು ಒಳಗೆ ಹೋಗಿ ಖಾಲಿ ಗೋಡೆಯ ಮೇಲೆ ಅಂಗೈ ಇಟ್ಟು ಸುಮಾರು ಹೊತ್ತು ನಿಂತಿದ್ದ, ಬೆಳಕು ಚೆನ್ನಾಗಿದೆ ಅಂದ, ಅಷ್ಟೇ, ಬರುವ ದಾರಿಯಲ್ಲಿ ಅವಳೇ ಮಾತಾಡಿದಳು, ಡಬ್ಬಿ ಡಬ್ಬಿ ಮನೆಗಳು, ಉಸಿರುಗಟ್ಟುತ್ತೆ, ಸತ್ತರೂ ನಮ್ಮಪ್ಪನ ಅಂಗಡಿ ಬಿಡಲ್ಲ, ಅಲ್ವಾ, ಅಂದಳು, ಅಲ್ವಾ ಎಂದದ್ದು ಉತ್ತರಕ್ಕಲ್ಲ. ಕೇಳಬಹುದಿತ್ತಲ್ಲ ಮಾರಾಯ, ಬಾಯಿ ಬಿಟ್ಟು ಹೇಳಬಹುದಿತ್ತಲ್ಲ, ನಾನೇನು ಹುಲಿಯೇ, ಹುಲಿಯೇ ಇರಬೇಕು, ಕಳ್ಳನ ಹಾಗೆ ಬಂದು ನನ್ನ ಮನೆಯನ್ನು ಎರಡು ಮಾಡಿದೆಯಲ್ಲ, ನೀನೂ, ನೀನೇ — ಸಿಟ್ಟು ಬರುತ್ತಿದೆ, ಬರಲಿ, ಅವನೂ ಬರಲಿ, ಎಲ್ಲರೆದುರೇ ಕೇಳುತ್ತೇನೆ, ಮಾನ ಹರಾಜು ಹಾಕುತ್ತೇನೆ, ಬೆರಳು ಮಾತ್ರ ಅಂಚನ್ನು ಬಿಡುತ್ತಿಲ್ಲ.

ಮೆಟ್ಟಿಲ ಮೇಲೆ ಎರಡು ಜೊತೆ ಹೆಜ್ಜೆ. ಒಂದು ಬೂಟು, ಒಂದು ಹವಾಯಿ ಚಪ್ಪಲಿ, ಹವಾಯಿ ಚಪ್ಪಲಿ ಎಂದಿಗಿಂತ ನಿಧಾನ, ಎಂಜಿನಿಯರ್ ಏದುಸಿರು ಬಿಡುತ್ತ, ನಮಸ್ಕಾರ ಮೇಡಂ, ಏನು ನಮ್ಮ ಗಾಜಪ್ಪನ ಸಮಾಚಾರ, ಅಂದ, ಮುಂದೆ ಬಗ್ಗಿದ, ಟಾರ್ಚು ಹಿಡಿದ, ಛೇ, ಒಡೆದೇಹೋಗಿದೆಯಲ್ಲ ಮೇಡಂ, ನಂಗೆ ನಿಜವಾಗ್ಲೂ ಬೇಜಾರಾಗ್ತಿದೆ, ಇಷ್ಟು ಚೆನ್ನಾಗಿರೋ ಮೆಟ್ಟಿಲು ಈಗ ಯಾರೂ ಕಟ್ಟಲ್ಲ — ಅವನ ಮುಖವನ್ನು ಅವಳು ಹುಡುಕಿದಳು, ನಾಟಕವಿದೆಯೇ ಎಂದು, ಇರಲಿಲ್ಲ, ಕಬ್ಬಿನ ಹಾಲು ಬರೀ ಕಬ್ಬಿನ ಹಾಲಾಗಿತ್ತು, ಬೈಪಾಸನ ಫೋನು ಬರೀ ಫೋನು, ತಂಗಿಯ ಕಣ್ಣೀರು ಕಣ್ಣೀರೇ ಇರಬೇಕು, ಅಷ್ಟೆಲ್ಲ ಅನುಮಾನವನ್ನು ಊರಿಗೆಲ್ಲ ಹಂಚಿದವಳು ಮನೆಯೊಳಗೆ ಮಾತ್ರ ಒಂದು ಚಿಟಿಕೆಯನ್ನೂ ಇಟ್ಟುಕೊಳ್ಳಲಿಲ್ಲ. ಗಂಡ ಎರಡು ಮೆಟ್ಟಿಲು ಕೆಳಗೆ ನಿಂತಿದ್ದಾನೆ, ಅವಳ ಮುಖ ನೋಡುತ್ತಿಲ್ಲ, ಗಾಜನ್ನೂ ನೋಡುತ್ತಿಲ್ಲ, ಅವಳ ಬೆರಳನ್ನೇ ನೋಡುತ್ತಿದ್ದಾನೆ, ರಕ್ತ ಬಂದಿದೆಯೋ ಎಂದು ನೋಡುವವನ ಹಾಗೆ, ತಂಗಿ ಹೇಳಿದ್ದು ನಿಜ, ಎಷ್ಟು ಇಳಿದುಹೋಗಿದ್ದಾನೆ, ಅಂಗಿಯ ಕಾಲರಿನೊಳಗೆ ಕುತ್ತಿಗೆ ಹುಡುಕಬೇಕು. ಎಂಜಿನಿಯರ್ ಅಂದ, ಮೇಡಂ, ಕೈ ತೆಗೀರಿ, ಕುಯ್ದುಬಿಡುತ್ತೆ. ಕುಯ್ಯಲ್ಲ, ಅಂದಳು ಅವಳು. ಮೆಲ್ಲಗೇ ಅಂದಳು, ಎರಡು ಮೆಟ್ಟಿಲು ಕೆಳಗೆ ಒಂದು ಉಸಿರು ನಿಂತಿತು. ಎಂಜಿನಿಯರ್ ಪೆನ್ನು ತೆಗೆದ, ಕೇಳಲೇಬೇಕಾದ್ದಕ್ಕೆ ಕೇಳ್ತಿದ್ದೀನಿ ಮೇಡಂ, ತಪ್ಪು ತಿಳ್ಕೋಬೇಡಿ, ಯಾರಾದ್ರೂ ಮುಟ್ಟಿದ್ರಾ ಇದನ್ನ, ನಿಮಗೆ ಏನಾದ್ರೂ ಗುಮಾನಿ ಇದ್ರೆ ಈಗಲೇ ಹೇಳ್ಬಿಡಿ, ಇನ್ನೊಂದು ಗಾಜು ಹಾಕಿ ಮುಂದಿನ ಮಳೆವರೆಗೂ ನೋಡೋಣ. ಹೇಳು, ಒಂದು ಮಾತು ಸಾಕು, ಮನೆ ಉಳಿಯುತ್ತದೆ, ಅಪ್ಪನ ಅಜ್ಜನ ತೊಲೆ ಉಳಿಯುತ್ತದೆ, ಈ ತಿರುವು, ಈ ಬೆಳಕಿಂಡಿ, ಆಚೆಯ ಕೋಣೆ, ಎಲ್ಲ ಉಳಿಯುತ್ತದೆ, ಅದರೊಳಗೆ ಈ ಮನುಷ್ಯ ಎರಡು ಮೆಟ್ಟಿಲು ಕೆಳಗೇ ನಿಂತು ಉಳಿಯುತ್ತಾನೆ, ಬಾಯಿ ತೆರೆದಳು, ಸತ್ಯ ನಾಲಿಗೆಯ ತುದಿಯಲ್ಲೇ ಇತ್ತು, ಹೊರಗೆ ಬಂದದ್ದು ಮಾತ್ರ, ಇಲ್ಲ, ಯಾರೂ ಮುಟ್ಟಿಲ್ಲ, ನೀವು ಬರ್ಕೊಳ್ಳಿ.

ಬರೆದುಕೊಳ್ಳುತ್ತಿದ್ದಾನೆ, ಪೆನ್ನಿನ ಸದ್ದು, ಹೊರಗೆ ಎಲ್ಲೋ ಹಳದಿ ಯಂತ್ರ ಹಿಂದಕ್ಕೆ ಸರಿಯುವಾಗಿನ ಸದ್ದು, ಅವಳಿಗೆ ಅಳು ಬರಬೇಕಿತ್ತು, ಬರುತ್ತಿಲ್ಲ, ಯಾಕೆಂದರೆ ಒಂದು ವಿಷಯ ಇನ್ನೂ ತೀರ್ಮಾನವಾಗಿಲ್ಲ, ಇದೊಂದನ್ನು ಕೇಳಿ ತಿಳಿಯುವ ಹಾಗೂ ಇಲ್ಲ, ಅವನು ನನ್ನ ಬೆರಳಿಗಾಗಿ ಉಜ್ಜಿದನೇ, ಅಥವಾ ಎಲ್ಲ ಗಾಜನ್ನೂ ಉಜ್ಜುತ್ತಾನೆಂದು ಇದನ್ನೂ ಉಜ್ಜಿದನೇ, ಕತ್ತಲಲ್ಲಿ ಮೆಟ್ಟಿಲ ಮೇಲೆ ಕೂತು ನನ್ನ ನೆನಪು ಮಾಡಿಕೊಂಡನೇ, ಇಲ್ಲ ಕೈ ತನ್ನ ಪಾಡಿಗೆ ಕಲ್ಲು ಹುಡುಕಿತೇ, ಪ್ರೀತಿಯೋ ಅಭ್ಯಾಸವೋ, ಬೆರಳು ಆ ಕಡೆ ಹೋಗುತ್ತದೆ, ಅಂಚು ನುಣ್ಣಗಿದೆ, ಈ ಕಡೆ ಬರುತ್ತದೆ, ಅಂಚು ನುಣ್ಣಗಿದೆ, ಎಲ್ಲಾದರೂ ಒಂದು ಕಡೆ ಕುಯ್ಯಲಿ ಎಂದು ಒತ್ತುತ್ತಾಳೆ, ಅಂಚು ನುಣ್ಣಗೇ ಇದೆ.